50 ಕೆಬಿಯೊಳಗೊಂದು ಮುಖ

ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್, ಗ್ರಾಮ ಒನ್ ಮತ್ತು ಫೋಟೊ ಸ್ಟುಡಿಯೊ ನಡೆಸುವ ಎಲ್ಲರಿಗೂ ಶರಣು.

ಬ್ಯಾಂಕ್ ಪರೀಕ್ಷೆಗೆ ಅರ್ಜಿ ಹಾಕುವ ಕೊನೆಯ ದಿನಗಳಲ್ಲಿ ನಿಮ್ಮ ಅಂಗಡಿ ಮುಂದೆ ನಿಂತರೆ ನಾಲ್ಕೂ ಊರಲ್ಲಿ ಕಿವಿಗೆ ಬೀಳುವ ಮಾತು ಒಂದೇ. “ಅಣ್ಣಾರ, ಕೆಬಿ ಜಾಸ್ತಿ ಆತಂತ್ರಿ, ಫೋಟೊ ತಗೊಳ್ಳವಲ್ದು.” “ತಡೀರಿ, ಸಣ್ಣದ ಮಾಡ್ತೇನಿ.” ಎರಡು ಕ್ಲಿಕ್ಕಿನಲ್ಲಿ ಕೆಲಸ ಮುಗಿಯುತ್ತದೆ. ಫೋಟೊ ಅಪ್‌ಲೋಡ್ ಆಗುತ್ತದೆ, ಹುಡುಗ ದುಡ್ಡು ಕೊಟ್ಟು ಹೋಗುತ್ತಾನೆ. ಮುಂದೆ ಹಾಲ್ ಟಿಕೆಟ್ ಕೈಗೆ ಬಂದಾಗ ನೋಡಿದರೆ ಅದರ ಮೇಲಿನ ಮುಖ ಹೆತ್ತವ್ವನಿಗೂ ಗುರುತು ಸಿಗದ ಹಾಗಿರುತ್ತದೆ. ಕಣ್ಣಿನ ಜಾಗದಲ್ಲಿ ಎರಡು ಕಪ್ಪು ಚೌಕ, ಹುಬ್ಬೇ ಇಲ್ಲ, ಗಲ್ಲದ ಮೇಲೆ ಫರಸಿ ಹಾಸಿದಂಥ ಕಲೆ. ಪರೀಕ್ಷೆಯ ಬಾಗಿಲಲ್ಲಿ ನಿಂತವರು ಆಧಾರ್ ಕಾರ್ಡನ್ನೂ ಹಾಲ್ ಟಿಕೆಟನ್ನೂ ನಾಲ್ಕು ಸಲ ತಿರುಗಿಸಿ ನೋಡುತ್ತಾರೆ.

ಇದಕ್ಕೆಲ್ಲ ಫೋಟೊಗೆ ಹಾಕಿರುವ 50 ಕೆಬಿ ಮಿತಿಯೇ ಕಾರಣ ಎಂಬ ನಂಬಿಕೆ ಕೌಂಟರಿನ ಎರಡೂ ಬದಿ ಬೇರೂರಿದೆ. ಲೆಕ್ಕ ಹಾಕಿ ನೋಡಿದರೆ ಮಿತಿಯ ತಪ್ಪು ಬಹಳ ಕಡಿಮೆ.

ಬ್ಯಾಂಕ್ ಪರೀಕ್ಷೆ ನಡೆಸುವ ಐಬಿಪಿಎಸ್‌ನ ಅಧಿಸೂಚನೆಗಳ ಕೊನೆಯಲ್ಲಿ ಯಾರೂ ಓದದ ಒಂದು ಭಾಗ ಇರುತ್ತದೆ. ಫೋಟೊ 200×230 ಪಿಕ್ಸೆಲ್ ಇದ್ದರೆ ಒಳ್ಳೆಯದು, ತೂಕ 20ರಿಂದ 50 ಕೆಬಿ. ಸಹಿ 140×60 ಪಿಕ್ಸೆಲ್, 10ರಿಂದ 20 ಕೆಬಿ. ಎಡಗೈ ಹೆಬ್ಬೆಟ್ಟು 240×240, ಕೈಬರಹದ ಘೋಷಣೆ 800×400. ಎಲ್ಲರ ಕಣ್ಣೂ ಕೆಬಿ ಮೇಲೆಯೇ. ಅದರ ಮಗ್ಗುಲಿಗೇ ಇರುವ ಪಿಕ್ಸೆಲ್ ಅಳತೆ ಯಾರಿಗೂ ಕಾಣುವುದಿಲ್ಲ. ಕೆಲಸ ಕೆಡುವುದು ಅಲ್ಲೇ.

200ನ್ನು 230ರಿಂದ ಗುಣಿಸಿದರೆ 46,000 ಚುಕ್ಕಿ. ಒಂದು ಚುಕ್ಕಿಯ ಬಣ್ಣವನ್ನು ಏನೂ ಬಿಡದೆ ಬರೆದಿಡಲು 3 ಬೈಟ್ ಬೇಕು. ಅಂದರೆ ಒಟ್ಟು 1,38,000 ಬೈಟ್, ಸುಮಾರು 135 ಕೆಬಿ. ಅದನ್ನು 50ಕ್ಕೆ ಇಳಿಸಲು ಮೂರು ಪಾಲಿನಲ್ಲಿ ಎರಡು ಪಾಲನ್ನೂ ಪೂರ್ತಿ ಕಳೆಯಬೇಕಿಲ್ಲ. ಜೆಪಿಜಿಗೆ ಇದು ಕೆಲಸವೇ ಅಲ್ಲ. ಕ್ವಾಲಿಟಿ ಗುಂಡಿಯನ್ನು 90ರ ಮೇಲಿಟ್ಟರೂ ಹೊಂದುತ್ತದೆ. ಈಗ ಮೊಬೈಲಿನಲ್ಲಿ ತೆಗೆದ ಫೋಟೊ ನೋಡಿ. ಅದು 4000×3000, ಅಂದರೆ 1 ಕೋಟಿ 20 ಲಕ್ಷ ಚುಕ್ಕಿ. ಅಳತೆ ಮುಟ್ಟದೆ ಅದನ್ನೇ 50 ಕೆಬಿಗೆ ಒತ್ತಿದರೆ ಸುಮಾರು 240 ಚುಕ್ಕಿಗಳು ಸೇರಿ ಒಂದೇ ಬೈಟ್ ಹಂಚಿಕೊಳ್ಳಬೇಕು. ಹುಬ್ಬು ಹೋಗದೆ ಉಳಿಯುವುದಾದರೂ ಹೇಗೆ?

ಆದ್ದರಿಂದ ಈ ಪತ್ರದ ಬೇಡಿಕೆ ಇಷ್ಟೇ: ಮೊದಲು ಕ್ರಾಪ್, ಆಮೇಲೆ ಅಳತೆ, ಕಡೆಗೆ ಕ್ವಾಲಿಟಿ, ಮತ್ತು ಸೇವ್ ಮಾಡುವುದು ಒಂದೇ ಸಲ. ಹಿಂದಿನ ಗೋಡೆ, ಬೇವಿನ ಗಿಡ, ಪಕ್ಕದಲ್ಲಿ ನಿಂತ ಗೆಳೆಯನ ಭುಜ ಇವನ್ನೆಲ್ಲ ಮೊದಲು ಕತ್ತರಿಸಿ ಹಾಕಿ. ಉಳಿದ ಮುಖವನ್ನು ಪಿಕ್ಸೆಲ್ ಲೆಕ್ಕದಲ್ಲಿ ಕೇಳಿದ ಅಳತೆಗೆ ತನ್ನಿ. ಅಷ್ಟಾದ ಮೇಲೂ ತೂಕ ಹೆಚ್ಚಿದ್ದರೆ ಮಾತ್ರ ಕ್ವಾಲಿಟಿಗೆ ಕೈ ಹಾಕಿ. ಫೋಟೊಶಾಪಿನ ಸೇವ್ ಫಾರ್ ವೆಬ್‌ನಲ್ಲಿ ಇಷ್ಟೇ ಕೆಬಿ ಬೇಕೆಂದು ಹೇಳುವ ಅನುಕೂಲವೇ ಇದೆ. ಜಿಂಪ್ ಪುಕ್ಕಟೆ ಸಿಗುತ್ತದೆ. ಎಕ್ಸ್‌ಪೋರ್ಟ್ ಮಾಡುವಾಗ ಗುಂಡಿ ಸರಿಸಿದಂತೆ ಎಷ್ಟು ಕೆಬಿ ಆಯಿತೆಂದು ತೋರಿಸುತ್ತದೆ. ಪೇಂಟ್‌ನಲ್ಲಿ ಪಿಕ್ಸೆಲ್ ಅಳತೆ ಬದಲಿಸಬಹುದು, ಆದರೆ ಕ್ವಾಲಿಟಿ ಗುಂಡಿ ಅದರಲ್ಲಿಲ್ಲ. ಬಹಳಷ್ಟು ಅಂಗಡಿಗಳಲ್ಲಿ ಇಡೀ ದಿನ ತೆರೆದಿರುವುದು ಮಾತ್ರ ಅದೇ ಪೇಂಟ್.

ಸಹಿಯ ಕತೆ ಇನ್ನೂ ತಮಾಷೆಯದು. 140×60 ಅಂದರೆ 8,400 ಚುಕ್ಕಿ. ಏನೂ ಒತ್ತದೆ ಹಾಗೇ ಇಟ್ಟರೂ 25 ಕೆಬಿ. ಇಲ್ಲಿ ಗಿರಾಕಿಯ ತಕರಾರು ಉಲ್ಟಾ: “10 ಕೆಬಿ ಆಗವಲ್ದು ನೋಡ್ರಿ, 4ಕ್ಕ ನಿಂತೈತಿ.” ಬಿಳಿ ಹಾಳೆಯ ಮೇಲಿನ ನಾಲ್ಕು ಗೆರೆಯಲ್ಲಿ ತೂಕ ಬರುವಂಥದ್ದೇನೂ ಇರುವುದಿಲ್ಲ. ಆಗ ಕ್ವಾಲಿಟಿಯನ್ನು ಪೂರ್ತಿ ಏರಿಸಬೇಕು, ಅದಕ್ಕೂ ಬಗ್ಗದಿದ್ದರೆ ಅದೇ ಪ್ರಮಾಣದಲ್ಲಿ ಅಳತೆಯನ್ನು ಸ್ವಲ್ಪ ದೊಡ್ಡದು ಮಾಡಬೇಕು. ಸಣ್ಣದು ಮಾಡಿಕೊಡುವ ಅಂಗಡಿಯವರು ದೊಡ್ಡದು ಮಾಡಲು ಒದ್ದಾಡುವ ಅಪರೂಪದ ಸಂದರ್ಭ ಇದು.

ಒತ್ತಿದಾಗ ಫೋಟೊದೊಳಗೆ ನಡೆಯುವುದೇನು ಎಂಬುದನ್ನು ತಿಳಿಯಲು ಬೆಂಗಳೂರಿನಲ್ಲಿ ಹುಟ್ಟಿದ ಒಬ್ಬರ ಕತೆಗೆ ಹೋಗಬೇಕು. ನಾಸಿರ್ ಅಹ್ಮದ್ ಹುಟ್ಟಿದ್ದು 1940ರಲ್ಲಿ. ಈಗ ಯುವಿಸಿಇ ಎಂದು ಕರೆಯುವ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ, ಅಮೆರಿಕಕ್ಕೆ ಹೋಗಿ, ಕಾನ್ಸಾಸ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮೇಷ್ಟ್ರಾದರು. ಚಿತ್ರವನ್ನು ಚುಕ್ಕಿಗಳ ಬದಲು ಏರಿಳಿತದ ಅಲೆಗಳಾಗಿ ಬರೆದಿಟ್ಟರೆ ಜಾಗ ಬಹಳ ಉಳಿಯುತ್ತದೆ ಎಂಬ ವಿಚಾರ ಹಿಡಿದು 1972ರಲ್ಲಿ ಅಲ್ಲಿನ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಅನುದಾನ ಕೇಳಿ ಅರ್ಜಿ ಹಾಕಿದರು. ವಿಚಾರ ತೀರಾ ಸರಳವಾಯಿತೆಂದು ಅರ್ಜಿ ತಿರಸ್ಕೃತವಾಯಿತು. (ನಿಮ್ಮ ಅಂಗಡಿಯಲ್ಲಿ ಅರ್ಜಿ ರಿಜೆಕ್ಟ್ ಆದ ಹುಡುಗರಿಗೆ ಈ ಸಂಗತಿ ಹೇಳಬಹುದು.) ಅನುದಾನ ಇಲ್ಲದೆಯೇ ಅವರು ಕೆಲಸ ಮುಂದುವರಿಸಿದರು. ಶಿಷ್ಯ ಟಿ. ನಟರಾಜನ್ ಮತ್ತು ಗೆಳೆಯ ಕೆ. ಆರ್. ರಾವ್ ಜೊತೆ ಸೇರಿ ಬರೆದ ನಾಲ್ಕು ಪುಟದ ಪ್ರಬಂಧ 1974ರ ಜನವರಿಯಲ್ಲಿ ಅಚ್ಚಾಯಿತು. ಅದರ ಹೆಸರು ಡಿಸ್‌ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್. 1992ರಲ್ಲಿ ಬಂದ ಜೆಪಿಜಿ (ಜೆಪಿಇಜಿ) ಮಾನಕ ನಿಂತಿರುವುದು ಇದೇ ಗಣಿತದ ಮೇಲೆ. ಮುಂಡರಗಿಯಿಂದ ಕಳಿಸಿದ ಮದುವೆ ಫೋಟೊ ಹುಬ್ಬಳ್ಳಿಯ ಮೊಬೈಲಿನಲ್ಲಿ ಬಿಚ್ಚಿಕೊಳ್ಳುವಾಗಲೂ ಅದೇ ಲೆಕ್ಕ ನಡೆಯುತ್ತಿರುತ್ತದೆ.

ಜೆಪಿಜಿಯ ಕೆಲಸದ ಕ್ರಮ ಇದು. ಮೊದಲು ಚಿತ್ರದ ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುತ್ತಾರೆ. ಮನುಷ್ಯರ ಕಣ್ಣು ಬೆಳಕಿನ ವ್ಯತ್ಯಾಸವನ್ನು ಹಿಡಿಯುವಷ್ಟು ಚುರುಕಾಗಿ ಬಣ್ಣದ ವ್ಯತ್ಯಾಸವನ್ನು ಹಿಡಿಯುವುದಿಲ್ಲ. ಹಾಗಾಗಿ ಬಣ್ಣದ ಪಾಲಿನಲ್ಲಿ ನಾಲ್ಕು ಚುಕ್ಕಿಗೆ ಒಂದೇ ಬೆಲೆ ಇಟ್ಟರೂ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ಆಮೇಲೆ ಇಡೀ ಚಿತ್ರವನ್ನು 8×8 ಚುಕ್ಕಿಯ ಚೌಕಗಳಾಗಿ ಹೋಳು ಮಾಡುತ್ತಾರೆ. ಪ್ರತಿ ಚೌಕದ 64 ಅಂಕಿಗಳು ಬೇರೆ 64 ಅಂಕಿಗಳಾಗಿ ಮಾರ್ಪಡುತ್ತವೆ: ಮೊದಲನೆಯದು ಚೌಕದ ಸರಾಸರಿ ಬೆಳಕು, ಉಳಿದವು ದಪ್ಪ ಏರಿಳಿತದಿಂದ ಹಿಡಿದು ಕೂದಲೆಳೆಯ ಏರಿಳಿತದವರೆಗೆ. ಕೆನ್ನೆ, ಗೋಡೆ, ಆಕಾಶದಂಥ ನುಣುಪು ಜಾಗದಲ್ಲಿ ಆ ಕೊನೆಯ ಅಂಕಿಗಳು ಸೊನ್ನೆಯ ಹತ್ತಿರ ಇರುತ್ತವೆ, ಅವನ್ನು ಬಿಟ್ಟರೂ ನಡೆಯುತ್ತದೆ. ಕ್ವಾಲಿಟಿ ಗುಂಡಿ ಎಂದರೆ ಎಷ್ಟು ಬಿಡಬೇಕು ಎಂದು ಹೇಳುವ ಗುಂಡಿ. ತೀರಾ ಕೆಳಗೆ ಇಳಿಸಿದಾಗ ಚೌಕದಲ್ಲಿ ಸರಾಸರಿ ಬೆಳಕೊಂದೇ ಉಳಿಯುತ್ತದೆ. ಹಾಲ್ ಟಿಕೆಟ್ಟಿನ ಗಲ್ಲದ ಮೇಲೆ ಫರಸಿ ಕಾಣುವುದು ಇದೇ ಕಾರಣಕ್ಕೆ.

ಬಿಟ್ಟದ್ದು ತಿರುಗಿ ಬರುವುದಿಲ್ಲ. ಕಣದಲ್ಲಿ ಜೋಳ ತೂರುವಾಗ ಮೊದಲು ಹಾರುವುದು ಹೊಟ್ಟು. ತೂರಿದ್ದನ್ನೇ ಜೋರು ಗಾಳಿಗೆ ಮತ್ತೆ ಮತ್ತೆ ತೂರಿದರೆ ಕಾಳೂ ಹೋಗುತ್ತದೆ. ಒಂದು ಸಲ 300 ಕೆಬಿ, ಸಾಲಲಿಲ್ಲವೆಂದು ಅದನ್ನೇ ತೆರೆದು 100, ಮತ್ತೆ ಅದನ್ನೇ ತೆರೆದು 45 ಎಂದು ಮೂರು ಹೆಜ್ಜೆಯಲ್ಲಿ ಇಳಿಸುವ ಪದ್ಧತಿ ಅನೇಕ ಅಂಗಡಿಗಳಲ್ಲಿದೆ. ಅದರ ಬದಲು, ಸಾಲದಿದ್ದರೆ ಮೂಲ ಫೋಟೊಗೇ ವಾಪಸ್ ಹೋಗಿ ಹೊಸದಾಗಿ ಶುರು ಮಾಡಬೇಕು. ಅದಕ್ಕಾಗಿಯೇ ಮೂಲದ ಮೇಲೆ ಸೇವ್ ಒತ್ತಬಾರದು. ಬೇರೆ ಹೆಸರಿನಲ್ಲಿ ಸೇವ್ ಆ್ಯಸ್ ಕೊಡಬೇಕು.

ಎಷ್ಟು ವಿವರ ಇಡಬೇಕು, ಎಷ್ಟು ಬಿಡಬೇಕು ಎಂಬ ಲೆಕ್ಕ ಗದಗಿನವರಿಗೆ ಹೊಸ ವಿದ್ಯೆ ಆಗಬೇಕಿರಲಿಲ್ಲ. ಗದಗ ಮುದ್ರಣಕ್ಕೆ, ಬೆಟಗೇರಿ ಕೈಮಗ್ಗಕ್ಕೆ ಹೆಸರಾದ ಜೋಡಿ ಊರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಪ್ರೆಸ್ಸಿನವರ ಕಪಾಟಿನಲ್ಲಿ ಎರಡು ಥರದ ಬ್ಲಾಕ್ ಇರುತ್ತಿದ್ದವು. ಗೆರೆಚಿತ್ರ, ಸಹಿ, ಮುದ್ರೆಗಳಿಗೆ ಲೈನ್ ಬ್ಲಾಕ್. ಫೋಟೊಗಳಿಗೆ ಸ್ಕ್ರೀನ್ ಹಾಕಿ ಚುಕ್ಕಿ ಮಾಡಿದ ಹಾಫ್‌ಟೋನ್ ಬ್ಲಾಕ್. ಅದರಲ್ಲೂ ನ್ಯೂಸ್‌ಪ್ರಿಂಟಿಗೆ ದಪ್ಪ ಸ್ಕ್ರೀನ್, ಆರ್ಟ್ ಪೇಪರಿಗೆ ನುಣುಪು ಸ್ಕ್ರೀನ್. ಕಾಗದ ಎಷ್ಟು ವಿವರ ಹಿಡಿಯುತ್ತದೋ ಅಷ್ಟನ್ನೇ ಕೊಡಬೇಕು, ಹೆಚ್ಚು ಕೊಟ್ಟರೆ ಮಸಿ ಕಲಸಿಕೊಳ್ಳುತ್ತದೆ ಎಂಬುದು ಹಳೆಯ ಮಷಿನ್‌ಮನ್‌ಗಳಿಗೆ ಕೈಯಲ್ಲೇ ಇದ್ದ ಜ್ಞಾನ. ಈಗಿನ ಪಿಎನ್‌ಜಿ ಮತ್ತು ಜೆಪಿಜಿಯ ವ್ಯತ್ಯಾಸವೂ ಹೆಚ್ಚುಕಡಿಮೆ ಅದೇ. ಗೆರೆ, ಅಕ್ಷರ, ಲೋಗೊ, ಸ್ಕ್ರೀನ್‌ಶಾಟ್ ಇದ್ದರೆ ಪಿಎನ್‌ಜಿ. ಅದು ಒಂದು ಚುಕ್ಕಿಯನ್ನೂ ಬಿಡದೆ ಸಣ್ಣದು ಮಾಡುತ್ತದೆ. ಮುಖ, ಮರ, ಕಲ್ಲು ಇದ್ದರೆ ಜೆಪಿಜಿ. ಮೊಬೈಲ್ ಫೋಟೊವನ್ನು ಪಿಎನ್‌ಜಿ ಮಾಡಿದರೆ ತೂಕ ಹಲವು ಪಟ್ಟು ಏರುತ್ತದೆ. ಅಂಗಡಿಯ ಬೋರ್ಡಿನ ಡಿಸೈನನ್ನು ಜೆಪಿಜಿ ಮಾಡಿದರೆ ಅಕ್ಷರದ ಸುತ್ತ ಸೊಳ್ಳೆ ಮುತ್ತಿದಂತೆ ಕೊಳೆ ಕೂರುತ್ತದೆ. ನವೆಂಬರ್ ಒಂದರ ಬ್ಯಾನರುಗಳಲ್ಲಿ, ಹಳದಿ ಮೇಲಿನ ಕೆಂಪು ಅಕ್ಷರದ ಅಂಚು ಗಮನಿಸಿ. ಬಣ್ಣದ ಪಾಲನ್ನು ನಾಲ್ಕಕ್ಕೊಂದು ಮಾಡಿದ್ದರ ಫಲ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ.

ಕನ್ನಡ ಅಕ್ಷರಕ್ಕೆ ಇಂಗ್ಲಿಷಿಗಿಂತ ಒಂದು ತೊಂದರೆ ಹೆಚ್ಚು. ಜಮೀನಿನ ಉತಾರದಲ್ಲಿ ಸಿದ್ದಪ್ಪ ಎಂದಿದೆಯೋ ಸಿದ್ಧಪ್ಪ ಎಂದಿದೆಯೋ ಎನ್ನುವುದು ಒತ್ತಕ್ಷರದ ಕೆಳಗಿನ ಒಂದು ಸಣ್ಣ ಸೀಳಿನ ಮೇಲೆ ನಿಂತಿದೆ. ಸ್ಕ್ಯಾನಿನಲ್ಲಿ ಆ ಸೀಳು ಎರಡೋ ಮೂರೋ ಚುಕ್ಕಿಯಷ್ಟೇ ಇರುತ್ತದೆ. 8×8 ಚೌಕದಲ್ಲಿ ಕೂದಲೆಳೆಯ ಏರಿಳಿತವನ್ನು ಬಿಟ್ಟ ಕೂಡಲೇ ಮೊದಲು ಮುಚ್ಚಿಹೋಗುವುದು ಅದೇ. ಆಮೇಲೆ ಆಧಾರ್ ಕಾರ್ಡಿನಲ್ಲಿ ಒಂದು ಹೆಸರು, ಉತಾರದಲ್ಲಿ ಇನ್ನೊಂದು ಹೆಸರು ಎಂದು ರೈತ ಕಚೇರಿಯಿಂದ ಕಚೇರಿಗೆ ಅಲೆಯಬೇಕಾದೀತು.

ಅಂಕಿಗಳ ವಿಷಯದಲ್ಲಿ ಇದಕ್ಕಿಂತ ದೊಡ್ಡ ಪ್ರಮಾದ ಜರ್ಮನಿಯಲ್ಲಿ ನಡೆದಿದೆ. 2013ರಲ್ಲಿ ಡೇವಿಡ್ ಕ್ರೀಸೆಲ್ ಎಂಬುವರು ಮನೆಯೊಂದರ ನಕ್ಷೆಯನ್ನು ಝೆರಾಕ್ಸ್ ವರ್ಕ್‌ಸೆಂಟರ್ ಯಂತ್ರದಲ್ಲಿ ಸ್ಕ್ಯಾನ್ ಮಾಡಿದರು. ಮೂಲದಲ್ಲಿ ಮೂರು ಕೋಣೆಗಳ ವಿಸ್ತೀರ್ಣ 14.13, 21.11 ಮತ್ತು 17.42 ಚದರ ಮೀಟರ್. ಸ್ಕ್ಯಾನಿನಲ್ಲಿ ಮೂರೂ ಕೋಣೆಗಳಿಗೆ 14.13! ಮಸುಕಾಗಿದ್ದರೆ ಯಾರಾದರೂ ಅನುಮಾನ ಪಡುತ್ತಿದ್ದರು. ಅಂಕಿ ಸ್ವಚ್ಛವಾಗಿಯೇ ಇತ್ತು, ತಪ್ಪಾಗಿತ್ತು ಅಷ್ಟೆ. ಕಡತ ಸಣ್ಣದು ಮಾಡಲು ಯಂತ್ರವು ಜೆಬಿಗ್2 ಎಂಬ ವಿಧಾನ ಬಳಸುತ್ತಿತ್ತು. ಒಂದೇ ಥರ ಕಾಣುವ ತುಂಡುಗಳಲ್ಲಿ ಒಂದನ್ನು ಮಾತ್ರ ಇಟ್ಟುಕೊಂಡು ಉಳಿದ ಜಾಗಕ್ಕೆ ಅದನ್ನೇ ಅಂಟಿಸುವುದು ಅದರ ರೀತಿ. ಹಾಗಾಗಿ 6 ಇದ್ದಲ್ಲಿ 8 ಕೂತದ್ದೂ ಉಂಟು. ಕಂಪನಿ ಆಮೇಲೆ ತಿದ್ದುಪಡಿಯ ಸಾಫ್ಟ್‌ವೇರ್ ಬಿಟ್ಟಿತು. ಸರ್ವೆ ನಂಬರು, ಹಿಸ್ಸಾ, ಎಕರೆ-ಗುಂಟೆಗಳ ಮೇಲೆ ಅಣ್ಣತಮ್ಮಂದಿರು ಕೋರ್ಟಿನ ಮೆಟ್ಟಿಲು ಹತ್ತುವ ಸೀಮೆಯಲ್ಲಿ ಈ ಕತೆಯನ್ನು ಮರೆಯುವ ಹಾಗಿಲ್ಲ.

ಕಾಗದಪತ್ರಕ್ಕೆ ಸುಲಭದ ದಾರಿ ಸ್ಕ್ಯಾನರಿನಲ್ಲೇ ಇದೆ. ಎ4 ಹಾಳೆಯನ್ನು 300 ಡಿಪಿಐಯಲ್ಲಿ ಬಣ್ಣದಲ್ಲಿ ಸ್ಕ್ಯಾನ್ ಮಾಡಿದರೆ 2480×3508 ಚುಕ್ಕಿ, ಒತ್ತದೆ ಇಟ್ಟರೆ ಸುಮಾರು 26 ಎಂಬಿ. ಅದೇ ಹಾಳೆ 200 ಡಿಪಿಐ, ಗ್ರೇಸ್ಕೇಲ್‌ನಲ್ಲಿ 4 ಎಂಬಿಗೂ ಕಡಿಮೆ; ಆಮೇಲೆ ಒತ್ತುವ ಕೆಲಸ ಬಹಳ ಇಳಿಯುತ್ತದೆ, ಸೀಳು ಉಳಿಯುವ ಸಾಧ್ಯತೆಯೂ ಹೆಚ್ಚು. ನೇರಳೆ ಮೊಹರು ಬಣ್ಣದಲ್ಲೇ ಕಾಣಬೇಕೆಂಬ ಷರತ್ತಿದ್ದರೆ ಮಾತ್ರ ಬಣ್ಣ. ಮಾರ್ಕ್ಸ್ ಕಾರ್ಡನ್ನು ಮೊಬೈಲಿನಲ್ಲಿ ಓರೆಯಾಗಿ ಹೊಡೆದು, ಹಿಂದಿನ ಟೇಬಲ್ ಕ್ಲಾತಿನ ಹೂವಿನ ಸಮೇತ 200 ಕೆಬಿಗೆ ಇಳಿಸುವ ಪದ್ಧತಿ ದಯವಿಟ್ಟು ನಿಲ್ಲಲಿ. ಆ ಹೂವುಗಳು ನುಂಗಿದಷ್ಟು ಬೈಟನ್ನು ಅಂಕಗಳು ಕಳೆದುಕೊಂಡಿರುತ್ತವೆ.

ಕಣ್ಣಿಗೆ ಕಾಣದ ಭಾರವೂ ಇದೆ. ಮೊಬೈಲ್ ಫೋಟೊದೊಳಗೆ ಎಕ್ಸಿಫ್ ಎಂಬ ಚೀಟಿ ಇರುತ್ತದೆ. ತೆಗೆದ ದಿನಾಂಕ, ಮೊಬೈಲಿನ ಮಾದರಿ, ಲೊಕೇಶನ್ ಆನ್ ಇದ್ದರೆ ಸ್ಥಳ, ಜೊತೆಗೆ ಒಂದು ಪುಟಾಣಿ ಪ್ರತಿ. 4 ಎಂಬಿಯಲ್ಲಿ ಇದು ಲೆಕ್ಕಕ್ಕಿಲ್ಲ, 20 ಕೆಬಿಯಲ್ಲಿ ದೊಡ್ಡ ಪಾಲನ್ನೇ ತಿನ್ನಬಹುದು. ಎಕ್ಸ್‌ಪೋರ್ಟ್ ಮಾಡುವಾಗ ಅದನ್ನು ತೆಗೆದುಹಾಕಿದರೆ ಅಷ್ಟು ಬೈಟ್ ಮುಖಕ್ಕೆ ಸಿಗುತ್ತದೆ. ಆದರೆ ಫೋಟೊ ಅಡ್ಡವೋ ಉದ್ದವೋ ಎಂಬ ಗುರುತೂ ಅದೇ ಚೀಟಿಯಲ್ಲಿರುತ್ತದೆ. ನೆಟ್ಟಗೆ ಕಾಣುತ್ತಿದ್ದ ಹುಡುಗಿ ಅಪ್‌ಲೋಡ್ ಆದ ಮೇಲೆ ಮಗ್ಗುಲಾಗಿ ಮಲಗುವುದು ಇದರಿಂದಲೇ. ಮೊದಲು ಫೋಟೊವನ್ನು ತಿರುಗಿಸಿ ಸರಿ ಮಾಡಿ, ಆಮೇಲೆ ಚೀಟಿ ತೆಗೆಯಿರಿ. ಇನ್ನು ಐಫೋನ್ ತಂದವರ ಎಚ್‌ಇಐಸಿ ಫೋಟೊಗೆ ಹೆಸರು ಬದಲಿಸಿ ಡಾಟ್ ಜೆಪಿಜಿ ಎಂದು ಬರೆದರೆ ಅದು ಜೆಪಿಜಿ ಆಗುವುದಿಲ್ಲ, ಕನ್ವರ್ಟ್ ಮಾಡಲೇಬೇಕು.

ಸ್ಟುಡಿಯೊ ಮತ್ತು ಬ್ಯಾನರಿನವರ ಸಂಕಟ ಇದಕ್ಕೆ ತದ್ವಿರುದ್ಧ. ಅವರಿಗೆ ಬರುವ ಫೋಟೊ ಆಗಲೇ ಸಣ್ಣದಾಗಿರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ಸಾದಾ ರೀತಿಯಲ್ಲಿ ಕಳಿಸಿದ ಫೋಟೊ ಉದ್ದದ ಬದಿಯಲ್ಲಿ 1600 ಪಿಕ್ಸೆಲ್ ಆಸುಪಾಸಿಗೆ ಇಳಿಯುತ್ತದೆ. ಲಗ್ನಪತ್ರಿಕೆಯಲ್ಲಿ 2×3 ಇಂಚಿನ ಫೋಟೊಗೆ 300 ಡಿಪಿಐ ಲೆಕ್ಕದಲ್ಲಿ 600×900 ಸಾಕು, ಹಾಗಾಗಿ ಅಲ್ಲಿ ತಕರಾರಿಲ್ಲ. ಜಾತ್ರೆಗೆ ಶುಭ ಕೋರುವ 10 ಅಡಿ ಅಗಲದ ಬ್ಯಾನರಿಗೆ ಅದೇ ಫೋಟೊ ಹಿಗ್ಗಿಸಿದರೆ ಇಂಚಿಗೆ 13 ಚುಕ್ಕಿ. ಮುಖಂಡರ ಮೀಸೆ ಮೆಟ್ಟಿಲು ಮೆಟ್ಟಿಲಾಗಿ ಕಾಣುತ್ತದೆ. “ಡಾಕ್ಯುಮೆಂಟ್ ಮಾಡಿ ಕಳಸ್ರಿ” ಎಂದು ಒಂದು ಮಾತು ಹೇಳಿದರೆ ಮೂಲ ಫೋಟೊ ಹಾಗೇ ಬರುತ್ತದೆ. 2023ರಿಂದ ಎಚ್‌ಡಿ ಗುಂಡಿಯೂ ಬಂದಿದೆ, ಆದರೂ ಡಾಕ್ಯುಮೆಂಟಿನಷ್ಟು ನಂಬಿಕೆ ಅದಕ್ಕಿಲ್ಲ.

ಬೆಟಗೇರಿಯ ನೇಕಾರರಿಗೂ ಇಲ್ಲೊಂದು ಮಾತು. ಸಣ್ಣ ಚೌಕಳಿಯ ಸೀರೆಯ ಫೋಟೊ ಮೊಬೈಲಿಗೆ ಹೋದ ಮೇಲೆ ಅದರ ಮೇಲೆ ನೇಯದ ಅಲೆಗಳು ತೇಲುತ್ತವೆ. ಎಳೆಗಳ ಸಾಲು ಮತ್ತು ಪಿಕ್ಸೆಲ್ ಸಾಲು ಒಂದಕ್ಕೊಂದು ತಾಳೆಯಾಗದೆ ಹುಟ್ಟುವ ಅಲೆ ಅದು. ಗಿರಾಕಿ ಅದನ್ನು ನೇಯ್ಗೆಯ ದೋಷವೆಂದೇ ತಿಳಿಯುತ್ತಾಳೆ. ಸಣ್ಣದು ಮಾಡುವಾಗ ನಿಯರೆಸ್ಟ್ ನೇಬರ್ ಬದಲು ಬೈಕ್ಯೂಬಿಕ್ ಅಥವಾ ಲಾಂಜೋಸ್ ಆರಿಸಿದರೆ ಅಲೆ ಬಹಳ ಮಟ್ಟಿಗೆ ಇಳಿಯುತ್ತದೆ. ಇಡೀ ಸೀರೆಯದೊಂದು, ಸೆರಗಿನದೊಂದು ಹತ್ತಿರದ ಫೋಟೊ ಎಂದು ಎರಡು ಕಳಿಸುವುದು ಇನ್ನೂ ಜಾಣತನ. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆ 2024ರ ಜನವರಿಯಲ್ಲಿ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿ ಸೇರಿದ ಮೇಲೆ ಚಳಿಗಾಲದಲ್ಲಿ ಕ್ಯಾಮೆರಾ ಹಿಡಿದು ಬರುವವರಿಗೂ ಇದೇ ಸಲಹೆ ಸಲ್ಲುತ್ತದೆ. ಅಲ್ಲಿಗೆ ಬರುವ ಪಟ್ಟೆತಲೆ ಹೆಬ್ಬಾತಿನ ತಲೆಯ ಹಿಂದಿನ ಎರಡು ಕಪ್ಪು ಪಟ್ಟೆ ಕಾಣಬೇಕಾದರೆ ಇಡೀ ಕೆರೆಯನ್ನು ಕುಗ್ಗಿಸಬಾರದು. ಹಕ್ಕಿಯನ್ನು ಕ್ರಾಪ್ ಮಾಡಬೇಕು.

ಕಡೆಯ ವಿಷಯ ತುಸು ಗಂಭೀರ. ಕೆಬಿ ಇಳಿಸಲು ಅವಸರದಲ್ಲಿ ಗೂಗಲ್ ಮಾಡಿ, ಮೊದಲು ಸಿಕ್ಕ ವೆಬ್‌ಸೈಟಿಗೆ ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಹಾಕುವ ರೂಢಿ ನಾಲ್ಕೂ ಊರಲ್ಲಿದೆ. ಆ ಕಡತ ಯಾವ ದೇಶದ ಸರ್ವರಿನಲ್ಲಿ ಎಷ್ಟು ದಿನ ಕೂತಿರುತ್ತದೆ ಎಂದು ಯಾರೂ ಕೇಳುವುದಿಲ್ಲ. ಸ್ಕ್ಯಾನ್ ಮಾಡಲು ಎಲ್ಲರೂ ಬಳಸುತ್ತಿದ್ದ ಕ್ಯಾಮ್‌ಸ್ಕ್ಯಾನರ್ 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆ್ಯಪ್‌ಗಳ ಪಟ್ಟಿಯಲ್ಲಿತ್ತು. ಜಿಂಪ್‌ನಂಥ ಸಾಫ್ಟ್‌ವೇರನ್ನು ನಿಮ್ಮ ಕಂಪ್ಯೂಟರಿನಲ್ಲೇ ಹಾಕಿಕೊಂಡರೆ ಈ ತಂಟೆ ಇಲ್ಲ. ಬ್ರೌಸರೇ ಬೇಕೆಂದರೆ ಗೂಗಲ್‌ನವರ ಸ್ಕ್ವೂಶ್ ಇದೆ. ಅದು ಚಿತ್ರವನ್ನು ಹೊರಗೆ ಕಳಿಸದೆ ನಿಮ್ಮ ಯಂತ್ರದೊಳಗೇ ಸಣ್ಣದು ಮಾಡುತ್ತದೆ, ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕದಲ್ಲಿ ತೋರಿಸುತ್ತದೆ.

2022ರ ಮೇ ಕೊನೆಯಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಎಚ್ಚರಿಕೆ ಹೊರಡಿಸಿತ್ತು. ಆಧಾರ್ ಝೆರಾಕ್ಸನ್ನು ಸಿಕ್ಕಸಿಕ್ಕವರಿಗೆ ಕೊಡಬೇಡಿ, ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಬಳಸಿ, ಇಂಟರ್‌ನೆಟ್ ಸೆಂಟರಿನಲ್ಲಿ ಡೌನ್‌ಲೋಡ್ ಮಾಡಿದ್ದರೆ ಎಲ್ಲ ಪ್ರತಿಗಳನ್ನೂ ಕಾಯಂ ಆಗಿ ಅಳಿಸಿ ಎಂದು ಅದರಲ್ಲಿತ್ತು. ಜನ ತಪ್ಪು ತಿಳಿಯುವ ಸಾಧ್ಯತೆ ಇದೆಯೆಂದು ಎರಡೇ ದಿನದಲ್ಲಿ ಅದನ್ನು ಹಿಂಪಡೆದರು. ಹಿಂಪಡೆದದ್ದು ಅವರ ವಿಚಾರ; ಅಳಿಸಿ ಎಂಬ ಸಾಲು ಮಾತ್ರ ನಿಮಗೇ ಬರೆದಂತಿತ್ತು. ನಿಮ್ಮ ಡೆಸ್ಕ್‌ಟಾಪಿನ ಮೇಲೆ ಫೋಟೊ1, ಫೋಟೊ1 ನ್ಯೂ, ಫೋಟೊ1 ಫೈನಲ್ ಎಂದು ಸಾಲುಗಟ್ಟಿ ನಿಂತ ಅಪರಿಚಿತರ ಮುಖಗಳನ್ನು, ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ತುಂಬಿರುವ ಆಧಾರ್‌ಗಳನ್ನು ಶಟರ್ ಎಳೆಯುವ ಮೊದಲು ಅಳಿಸಿ, ರೀಸೈಕಲ್ ಬಿನ್ನನ್ನೂ ಖಾಲಿ ಮಾಡಿ. ಸಣ್ಣದು ಮಾಡಿದ ಪ್ರತಿ ಮತ್ತು ಮೂಲ ಎರಡನ್ನೂ ಗಿರಾಕಿಯ ಮೊಬೈಲಿಗೆ ಡಾಕ್ಯುಮೆಂಟ್ ಆಗಿ ಅಂದೇ ಕಳಿಸಿಬಿಟ್ಟರೆ, ಮುಂದಿನ ಅರ್ಜಿಗೆ ಆತ ಹಳೆಯ 45 ಕೆಬಿ ಫೋಟೊವನ್ನೇ ತಂದು “ಇದನ್ನ ಇನ್ನೊಂದ್ಸ್ವಲ್ಪ ಸಣ್ಣದ ಮಾಡ್ರಿ” ಎನ್ನುವುದೂ ತಪ್ಪುತ್ತದೆ.

ಇಂತಿ,
ನಿಮ್ಮ ಗಿರಾಕಿಗಳ ಪರವಾಗಿ